ಗಂಡ ಒಪ್ಪಿದ, ಅಂತಸ್ತು ಒಪ್ಪಲಿಲ್ಲ

ಫೆಬ್ರುವರಿಯ ಎಳೆಬಿಸಿಲು. ನೆಲದ ಮೇಲಿನ ಹಿಮ ಇನ್ನೂ ಕರಗಿಲ್ಲ. ಸರ್ ಕ್ಲಿಫರ್ಡ್ ಚಾಟರ್ಲಿ ತನ್ನ ಮೋಟಾರು ಕುರ್ಚಿಯಲ್ಲಿ ಕೂತು ತನ್ನದೇ ಕಾಡಿಗೆ ಬಂದಿದ್ದಾನೆ. ಪಕ್ಕದಲ್ಲಿ ಹೆಂಡತಿ ಕಾನಿ ನಡೆಯುತ್ತಿದ್ದಾಳೆ. ಮೊದಲ ಮಹಾಯುದ್ಧದಿಂದ ಅವನು ಮರಳಿದ್ದು ಸೊಂಟದ ಕೆಳಗೆ ಸ್ವಾಧೀನವಿಲ್ಲದ ದೇಹದೊಂದಿಗೆ. ಮಾತು ವಂಶದ ಕಡೆಗೆ ಹೊರಳುತ್ತದೆ. ಈ ಕಾಡು, ಈ ಮನೆ ಮುಂದೆ ಯಾರ ಪಾಲು? ನೀನು ಬೇರೊಬ್ಬನಿಂದ ಮಗು ಪಡೆದರೂ ನನ್ನ ಅಡ್ಡಿಯಿಲ್ಲ, ಇಲ್ಲಿ ಬೆಳೆದರೆ ಅದು ನಮ್ಮದೇ ಮಗು ಎನ್ನುತ್ತಾನೆ ಗಂಡ. ಆದರೆ ಆ ಗಂಡಸು ಎಂಥವನಾಗಿರಬೇಕು ಎಂಬುದನ್ನು ಹೆಂಡತಿಯ ವಿವೇಚನೆಗೆ ಬಿಟ್ಟಿದ್ದಾನೆ. ಕೀಳು ತರಹದವನು ಅವಳನ್ನು ಮುಟ್ಟಲಾರ ಎಂಬ ಭರವಸೆ ಅವನಿಗಿದೆ. ಈ ಮಾತಿನ ಬೆನ್ನಿಗೇ ಕಂದು ಬಣ್ಣದ ನಾಯಿಯೊಂದು ಪೊದೆಯಿಂದ ಓಡಿಬರುತ್ತದೆ. ಅದರ ಹಿಂದೆ ಕೋವಿ ಹಿಡಿದ ಒಬ್ಬ ಆಳು. ಕುರ್ಚಿಯನ್ನು ತಿರುಗಿಸಿ ಹೊರಡಿಸಿಕೊಡು ಎಂದು ಯಜಮಾನ ಅವನಿಗೆ ಹೇಳುತ್ತಾನೆ.

ಆ ಆಳೇ ಆಲಿವರ್ ಮೆಲರ್ಸ್. ಡಿ. ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಐದನೇ ಅಧ್ಯಾಯದ ಈ ಪ್ರಸಂಗವನ್ನು ಓದಿದವರು, ಪುಸ್ತಕದ ಬಗ್ಗೆ ಹಬ್ಬಿರುವ ಖ್ಯಾತಿಯನ್ನು ಬದಿಗಿಟ್ಟು ಒಂದು ಕ್ಷಣ ಯೋಚಿಸಬೇಕು. ಇಲ್ಲಿ ಪರಪುರುಷನ ಸಂಗಕ್ಕೆ ಗಂಡನದೇ ಪರವಾನಗಿ ಇದೆ. ಅಷ್ಟು ಹೊತ್ತಿಗೆ ಕಾನಿಗೆ ಮೈಕೇಲಿಸ್ ಎಂಬ ನಾಟಕಕಾರನೊಂದಿಗೆ ಸಂಬಂಧವೂ ಇದೆ. ಅದರಿಂದ ಯಾರ ಮನೆಯೂ ಮುರಿದಿಲ್ಲ. ಮುಂದೆ ಅವಳ ಅಕ್ಕ ಹಿಲ್ಡಾ ಸಿಡಿದೇಳುವುದು ತಂಗಿಗೆ ಪ್ರಿಯಕರನಿದ್ದಾನೆಂದಲ್ಲ, ಅವನು ಕೂಲಿಯವನೆಂದು. ಹೀಗೆ ನೋಡಿದರೆ ನಿಷಿದ್ಧವಾಗಿದ್ದು ಪ್ರೇಮವಲ್ಲ, ಪ್ರೇಮ ಇಳಿದುಹೋದ ಮೆಟ್ಟಿಲು. ಈ ಕತೆಯನ್ನು ಟಿವಿಗೆ ತರಲು ಹೊರಟ ಪ್ರತಿಯೊಬ್ಬರೂ ಎಡವುವುದು ಇಲ್ಲೇ. ಸಮಯ ಸಾಲದಾದಾಗ ಕತ್ತರಿ ಸಾಮಾನ್ಯವಾಗಿ ಮೊದಲು ಬೀಳುವುದು ಮೈಕೇಲಿಸನ ಮೇಲೆ. ಅವನು ಹೋದೊಡನೆ ಮೆಲರ್ಸ್ ಕಾನಿಯ ಮೊದಲ ತಪ್ಪಾಗುತ್ತಾನೆ. ಅವಳ ಕತೆ ಒಂಟಿ ಹೆಂಡತಿಯೊಬ್ಬಳ ಹಾದಿ ತಪ್ಪುವಿಕೆಯಾಗುತ್ತದೆ. ಅಂಥ ಕತೆ ಟಿವಿಗೆ ಹೊಸದೂ ಅಲ್ಲ, ಕಷ್ಟವೂ ಅಲ್ಲ.

ಲಾರೆನ್ಸ್‌ಗೆ ಈ ಮೆಟ್ಟಿಲು ಪುಸ್ತಕದಲ್ಲಿ ಓದಿ ತಿಳಿದದ್ದಾಗಿರಲಿಲ್ಲ. 1885ರಲ್ಲಿ ಅವನು ಹುಟ್ಟಿದ್ದು ನಾಟಿಂಗ್‌ಹ್ಯಾಮ್‌ಶೈರ್‌ನ ಈಸ್ಟ್‌ವುಡ್ ಎಂಬ ಕಲ್ಲಿದ್ದಲ ಊರಿನಲ್ಲಿ. ಅಪ್ಪ ಗಣಿ ಕಾರ್ಮಿಕ, ಆಡುತ್ತಿದ್ದದ್ದು ಆ ಸೀಮೆಯ ಆಡುನುಡಿ. ಅಮ್ಮ ಟೀಚರಾಗಿದ್ದವಳು, ಮಕ್ಕಳು ‘ಸರಿಯಾದ’ ಇಂಗ್ಲಿಷ್ ಮಾತಾಡಬೇಕೆಂದು ಹಟ ಹಿಡಿದವಳು. ಒಂದೇ ಊಟದ ಮೇಜಿನಲ್ಲಿ ಎರಡು ವರ್ಗ. 1912ರಲ್ಲಿ ತನ್ನ ಹಳೆಯ ಪ್ರೊಫೆಸರ್ ಅರ್ನೆಸ್ಟ್ ವೀಕ್ಲಿಯವರ ಹೆಂಡತಿ ಫ್ರೀಡಾಳೊಂದಿಗೆ ಅವನು ದೇಶ ಬಿಟ್ಟ. ಆಕೆ ಜರ್ಮನಿಯ ರಿಕ್ಟ್‌ಹೋಫೆನ್ ಕುಲೀನ ಮನೆತನದವಳು, ಮೂರು ಮಕ್ಕಳ ತಾಯಿ. ಕಾದಂಬರಿಯ ಬೀಜ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. 1926ರ ಸೆಪ್ಟೆಂಬರ್‌ನಲ್ಲಿ ಅವನು ಕೊನೆಯ ಸಲ ಹುಟ್ಟೂರು ಕಂಡಾಗ ಗಣಿಗಳಿಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು, ಕಾರ್ಮಿಕರು ಹಸಿದಿದ್ದರು. ಇಟಲಿಗೆ ವಾಪಸಾಗಿ ಫ್ಲಾರೆನ್ಸ್ ಪಕ್ಕದ ವಿಲ್ಲಾ ಮಿರೆಂಡಾದಲ್ಲಿ ಬರೆಯಲು ಕೂತವನು ಇದನ್ನು ಒಂದಲ್ಲ, ಮೂರು ಸಲ ಮೊದಲಿನಿಂದ ಬರೆದ.

ಈ ಮೂರು ಕರಡುಗಳ ಸಂಗತಿ ಟಿವಿಯವರಿಗೆ ಬಹಳ ಮುಖ್ಯ. ಮೊದಲೆರಡರಲ್ಲಿ ಕಾಡಿನ ಕಾವಲುಗಾರನ ಹೆಸರು ಪಾರ್ಕಿನ್. ಒರಟ, ಓದದವನು. ಮೊದಲ ಕರಡಿನಲ್ಲಿ ಅವನು ಕೊನೆಗೆ ಶೆಫೀಲ್ಡ್‌ನ ಉಕ್ಕಿನ ಕಾರ್ಖಾನೆ ಸೇರಿ ಕಮ್ಯುನಿಸ್ಟರ ಕಾರ್ಯದರ್ಶಿಯೂ ಆಗುತ್ತಾನೆ. ಮೂರನೆಯದರಲ್ಲಿ ಅವನು ಮೆಲರ್ಸ್ ಆಗುತ್ತಾನೆ: ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು, ಈಜಿಪ್ಟ್ ಮತ್ತು ಇಂಡಿಯಾ ಕಂಡವನು, ಪುಸ್ತಕ ಓದುವವನು, ಬೇಕೆಂದಾಗ ಸಾಹೇಬರ ಇಂಗ್ಲಿಷನ್ನೂ ಆಡಬಲ್ಲವನು. ಲೈಂಗಿಕತೆಯ ವಿಷಯದಲ್ಲಿ ಲಾರೆನ್ಸ್ ಧೈರ್ಯ ಹೆಚ್ಚಿಸಿಕೊಳ್ಳುತ್ತ ಹೋದಂತೆ ವರ್ಗದ ಕಂದಕವನ್ನು ಕಿರಿದು ಮಾಡುತ್ತ ಹೋದ. ನನಗೆ ಇದು ಕಾದಂಬರಿಗೆ ಆದ ನಷ್ಟವೆಂದೇ ಅನ್ನಿಸುತ್ತದೆ. ಲೋಕವೆಲ್ಲ ಓದಿದ್ದು ಈ ಮೂರನೆಯದನ್ನೇ.

1928ರಲ್ಲಿ ಫ್ಲಾರೆನ್ಸ್‌ನ ಪುಸ್ತಕ ವ್ಯಾಪಾರಿ ಪೀನೋ ಒರಿಯೋಲಿ ಇದನ್ನು ಖಾಸಗಿಯಾಗಿ ಅಚ್ಚು ಹಾಕಿಸಿದ. ಸಾವಿರ ಪ್ರತಿ, ಒಂದಕ್ಕೆ ಎರಡು ಪೌಂಡ್. ಮೊಳೆ ಜೋಡಿಸಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು. ಎರಡು ಪೌಂಡ್ ತೆತ್ತು ಓದುವವರು ಕೆಟ್ಟುಹೋದರೂ ದೇಶಕ್ಕೆ ಆತಂಕವಿರಲಿಲ್ಲ. ಆತಂಕ ಹುಟ್ಟಿದ್ದು 1960ರಲ್ಲಿ, ಪೆಂಗ್ವಿನ್ ಪ್ರಕಾಶನ ಇಡೀ ಪುಸ್ತಕವನ್ನು ಮೂರೂವರೆ ಶಿಲಿಂಗ್‌ಗೆ ಮಾರಲು ಹೊರಟಾಗ. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಸರ್ಕಾರಿ ವಕೀಲ ಮರ್ವಿನ್ ಗ್ರಿಫಿತ್-ಜೋನ್ಸ್ ಜ್ಯೂರಿಗಳನ್ನು ಕೇಳಿದ ಪ್ರಶ್ನೆ ಈಗ ಚರಿತ್ರೆಯ ಭಾಗ: ನಿಮ್ಮ ಹೆಂಡತಿಯರೋ ಮನೆಯಾಳುಗಳೋ ಇದನ್ನು ಓದುವುದು ನಿಮಗೆ ಸಮ್ಮತವೇ? ಹನ್ನೆರಡು ಜ್ಯೂರಿಗಳಲ್ಲಿ ಮೂವರು ಹೆಂಗಸರಿದ್ದರು. ಮನೆಯಾಳು ಇಟ್ಟುಕೊಂಡವರು ಎಷ್ಟು ಮಂದಿಯೋ ಕಾಣೆ. ಪುಸ್ತಕದ ವಿರುದ್ಧದ ಆರೋಪ ಅಶ್ಲೀಲತೆ. ಆದರೆ ವಕೀಲರ ಬಾಯಿಂದ ಹೊರಬಿದ್ದದ್ದು ಅಂತಸ್ತು.

ಆ ಮೊಕದ್ದಮೆಯ ಒಂದು ಸಣ್ಣ ವಸ್ತು ಇನ್ನೂ ಉಳಿದಿದೆ. ನ್ಯಾಯಾಧೀಶ ಲಾರೆನ್ಸ್ ಬರ್ನ್ ಓದಲೆಂದು ಇಟ್ಟುಕೊಂಡಿದ್ದ ಪೆಂಗ್ವಿನ್ ಪ್ರತಿಗೆ ಅವರ ಪತ್ನಿ ಡೊರೊತಿ ಒಂದು ಬಟ್ಟೆಯ ಚೀಲ ಹೊಲಿದುಕೊಟ್ಟಿದ್ದರು. ಕೋರ್ಟಿಗೆ ಒಯ್ಯುವಾಗ ಮುಖಪುಟ ಪತ್ರಕರ್ತರ ಕಣ್ಣಿಗೆ ಬೀಳಬಾರದಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿ, ಪುಸ್ತಕವನ್ನು ಪೂರ್ತಿ ಓದಿ, ಆಕ್ಷೇಪಾರ್ಹ ಭಾಗಗಳಿಗೆ ಗೆರೆ ಎಳೆದು, ಪುಟಸಂಖ್ಯೆಗಳ ಪಟ್ಟಿ ಮಾಡಿಕೊಟ್ಟವರೂ ಆಕೆಯೇ. ಹೆಂಡತಿ ಓದಬಹುದೇ ಎಂದು ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ, ನ್ಯಾಯಾಧೀಶರ ಹೆಂಡತಿ ಓದಿ ಮುಗಿಸಿದ್ದರು. ಚೀಲ ಮತ್ತು ಪ್ರತಿ ಈಗ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿವೆ.

ಪ್ರತಿವಾದದ ಪರ 35 ಸಾಕ್ಷಿಗಳು ನುಡಿದರು. ಇ. ಎಂ. ಫಾರ್ಸ್ಟರ್ ಇದ್ದರು, ಒಬ್ಬ ಬಿಷಪ್ಪರೂ ಇದ್ದರು. ಹೆಚ್ಚು ನಾಟಿದ್ದು ಲೀಡ್ಸ್‌ನ ಬಡ ಕುಟುಂಬದಿಂದ ಬಂದ ಅಧ್ಯಾಪಕ ರಿಚರ್ಡ್ ಹಾಗರ್ಟ್ ಅವರ ಸಾಕ್ಷ್ಯ. ಇದು ಪೋಲಿ ಪುಸ್ತಕವಲ್ಲ, ಮಡಿವಂತಿಕೆಯ ಪುಸ್ತಕ ಎಂದು ಅವರು ಕೋರ್ಟಿನಲ್ಲಿ ಹೇಳಿಬಿಟ್ಟರು. (ಅದೇ ಹಾಗರ್ಟ್ 1962ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗಕ್ಕೆ ಪ್ರೊಫೆಸರಾಗಿ ಹೋದರು. ಅಲ್ಲಿಗೆ ಸಂಶೋಧನೆಗೆಂದು ಹೋಗಿದ್ದ ನಮ್ಮ ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು ಅದೇ ದಿನಗಳಲ್ಲಿ.) 1960ರ ನವೆಂಬರ್ 2ರಂದು ಪೆಂಗ್ವಿನ್ ಖುಲಾಸೆಯಾಯಿತು. ಮಾರಾಟಕ್ಕೆ ಬಿಟ್ಟ ಮೊದಲ ದಿನವೇ ಎರಡು ಲಕ್ಷ ಪ್ರತಿ ಖಾಲಿ.

ನಮ್ಮಲ್ಲಿ ಹಾಗಾಗಲಿಲ್ಲ. ಮುಂಬಯಿಯ ಪುಸ್ತಕದಂಗಡಿಯೊಂದರ ಪಾಲುದಾರ ರಂಜಿತ್ ಉದೇಶಿ ಇದೇ ಪುಸ್ತಕ ಮಾರಿದ್ದಕ್ಕೆ ದಂಡ ಸಂಹಿತೆಯ 292ನೇ ಕಲಮಿನಡಿ ಸಿಕ್ಕಿಬಿದ್ದರು. ಪೊಲೀಸರು ಕಳಿಸಿದ ಹುಸಿ ಗಿರಾಕಿಯೊಬ್ಬ ಅಂಗಡಿಯಲ್ಲಿ ಪ್ರತಿ ಕೊಂಡಿದ್ದ. ಪುಸ್ತಕದ ಪರ ಮುಲ್ಕ್ ರಾಜ್ ಆನಂದ್ ಸಾಕ್ಷಿ ಹೇಳಿದರೂ ಫಲ ಸಿಗಲಿಲ್ಲ. ವಿಧಿಸಿದ ದಂಡ 20 ರೂಪಾಯಿ. ಆ 20 ರೂಪಾಯಿಯ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1964ರಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂಥ ಬರಹ ಕೈಗೆ ಸಿಕ್ಕರೆ ಕೆಡಬಹುದಾದ ಎಳೆಯ ಮನಸ್ಸುಗಳ ಮೇಲೆ ಅದರ ಪರಿಣಾಮವೇನು ಎಂದು ಕೇಳುವ ವಿಕ್ಟೋರಿಯಾ ಕಾಲದ ಅಳತೆಗೋಲನ್ನು ಕೋರ್ಟು ಇಟ್ಟುಕೊಂಡಿತು; ಅದನ್ನು ಕೈಬಿಟ್ಟದ್ದು 2014ರಲ್ಲಿ, ಬೇರೊಂದು ಪ್ರಕರಣದಲ್ಲಿ. ಇಂಗ್ಲೆಂಡಿನ ವಕೀಲರಂತೆ ನಮ್ಮ ಕೋರ್ಟು ಆಳುಗಳ ಹೆಸರೆತ್ತಲಿಲ್ಲ. ಆದರೂ ಯಾರ ಕೈಗೆ ಸಿಗುತ್ತದೆ ಎಂಬ ಚಿಂತೆ ಎರಡೂ ಕಡೆ ಒಂದೇ.

ಟಿವಿಗೆ ಈ ಚಿಂತೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಪುಸ್ತಕವನ್ನು ಚೀಲದಲ್ಲಿಡಬಹುದು, ಸಿನಿಮಾಕ್ಕೆ ಬಾಗಿಲಲ್ಲಿ ತಡೆಯಬಹುದು, ಟಿವಿ ನಡುಮನೆಯಲ್ಲೇ ಕೂತಿದೆ. ಬ್ರಿಟನ್ನಿನಲ್ಲಿ ರಾತ್ರಿ 9 ಗಂಟೆಗೆ ಮುಂಚೆ ಮಕ್ಕಳಿಗೆ ಒಗ್ಗದ್ದನ್ನು ತೋರಿಸುವಂತಿಲ್ಲ ಎಂಬ ನಿಯಮವಿದೆ. ಈ ಕಾದಂಬರಿಯ ವಿಷಯದಲ್ಲಿ ಬಿಬಿಸಿ ಕಾದದ್ದು ಗಡಿಯಾರಕ್ಕಲ್ಲ, ಕಾಲಕ್ಕೆ. 1955ರಲ್ಲೇ ಫ್ರೆಂಚರು ಇದನ್ನು ಸಿನಿಮಾ ಮಾಡಿದ್ದರು, ನ್ಯೂಯಾರ್ಕಿನಲ್ಲಿ ಅದಕ್ಕೆ ಬಿದ್ದ ತಡೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1959ರಲ್ಲಿ ತೆಗೆದುಹಾಕಿತ್ತು. ಬಿಬಿಸಿಯ ಧಾರಾವಾಹಿ ಬಂದದ್ದು 1993ರಲ್ಲಿ. ನಾಲ್ಕು ಕಂತು. ನಿರ್ದೇಶಕ ಕೆನ್ ರಸೆಲ್, ಲಾರೆನ್ಸ್‌ನ ‘ವಿಮೆನ್ ಇನ್ ಲವ್’ ಮತ್ತು ‘ದ ರೇನ್‌ಬೋ’ ಎರಡನ್ನೂ ಅದಾಗಲೇ ಸಿನಿಮಾ ಮಾಡಿದ್ದವನು. ಕಾನಿಯಾಗಿ ಜೋಲಿ ರಿಚರ್ಡ್‌ಸನ್, ಮೆಲರ್ಸ್ ಆಗಿ ಶಾನ್ ಬೀನ್.

ಶಾನ್ ಬೀನ್ ಶೆಫೀಲ್ಡ್‌ನವನು. ಅವನ ಗಂಟಲಿನಲ್ಲೇ ಆ ಸೀಮೆ ಇತ್ತು. ಇದು ಸಣ್ಣ ಅನುಕೂಲವಲ್ಲ, ಯಾಕೆಂದರೆ ಮೆಲರ್ಸ್‌ನ ಮಾತು ಈ ಕಾದಂಬರಿಯ ಆಯುಧ. ಕಾಡಿನೊಳಗೆ ಫೆಸೆಂಟ್ ಮರಿಗಳನ್ನು ಸಾಕುವ ಒಂದು ಗುಡಿಸಲು. ಅಲ್ಲಿ ಕೂತು ಕಾಲ ಕಳೆಯಬೇಕೆಂದು ಕಾನಿಗೆ ಆಸೆ. ಇನ್ನೊಂದು ಬೀಗದ ಕೈ ಇದೆಯೇ ಎಂದು ಕೇಳುತ್ತಾಳೆ. ಅವಳ ಮಟ್ಟಿಗೆ ಅದು ಸಾದಾ ಪ್ರಶ್ನೆ. ಅವನಿಗೆ ಅದು ಯಜಮಾನಿ ತನ್ನ ಒಂದೇ ಒಂದು ಮೂಲೆಗೂ ಕಾಲಿಡುವ ಸೂಚನೆ. ಇದ್ದಕ್ಕಿದ್ದಂತೆ ಅವನ ನುಡಿ ಗಡುಸಾಗುತ್ತದೆ, ಆಡುನುಡಿಯೊಳಗೆ ಇಳಿದು ಬಾಗಿಲು ಹಾಕಿಕೊಳ್ಳುತ್ತಾನೆ. ಆಫೀಸಿನಲ್ಲಿ ಪುಸ್ತಕದ ಕನ್ನಡ ಆಡುವ ಧಾರವಾಡದ ಕಡೆಯವರೊಬ್ಬರು, ಮೇಲಧಿಕಾರಿ ಸಲಿಗೆಯ ನಗೆ ಬೀರಿದ ಕೂಡಲೇ ಬೇಕೆಂದೇ ಊರ ಮಾತಿಗೆ ಹೊರಳಿ ಅವರನ್ನು ಹೊರಗೆ ನಿಲ್ಲಿಸುವುದನ್ನು ಕಂಡವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಮುಂದೆ ಹಿಲ್ಡಾ ಅವನ ಮನೆಗೆ ಊಟಕ್ಕೆ ಬಂದಾಗಲೂ ಹೀಗೇ. ನೀವು ಸಾಧಾರಣ ಇಂಗ್ಲಿಷಿನಲ್ಲೇ ಮಾತಾಡಿದರೆ ಹೆಚ್ಚು ಸಹಜವಲ್ಲವೇ ಎಂದು ಅವಳು ಕೆಣಕುತ್ತಾಳೆ. ಯಾವುದು ಸಹಜ, ಯಾರಿಗೆ ಸಹಜ ಎಂಬುದೇ ಆ ರಾತ್ರಿಯ ಜಗಳ. ಈ ದೃಶ್ಯಕ್ಕೆ ಒಂದು ಮೇಜು, ಮೂರು ಕುರ್ಚಿ, ಒಂದು ದೀಪ ಸಾಕು; ಸೆಟ್ ಖರ್ಚೂ ಇಲ್ಲ. ಆದರೂ ಟಿವಿಯವರ ಕಣ್ಣು ಹೋಗುವುದು ಗುಡಿಸಲಿನ ಒಳಗೆ ಹಾಸಿದ ಕಂಬಳಿಯ ಕಡೆಗೆ.

ಇನ್ನು ಮೆಲರ್ಸ್ ಆಡುವ ಆ ಕುಖ್ಯಾತ ಲೈಂಗಿಕ ಪದಗಳು. 1960ರ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅವನ್ನು ಒಂದೊಂದಾಗಿ ಎಣಿಸಿ ಜ್ಯೂರಿಗೆ ಲೆಕ್ಕ ಒಪ್ಪಿಸಿದ್ದರು. 2015ರಲ್ಲಿ ಜೆಡ್ ಮರ್ಕ್ಯೂರಿಯೊ ಬಿಬಿಸಿಗಾಗಿ ಹೊಸದಾಗಿ ರೂಪಾಂತರಿಸಿದಾಗ ಅವಕ್ಕೆ ಜಾಗವಿರಲಿಲ್ಲ. ಬರೆಯುವುದಕ್ಕೆ ಮುಂಚೆ ಡಾಕ್ಟರಾಗಿದ್ದವನು, ‘ಲೈನ್ ಆಫ್ ಡ್ಯೂಟಿ’ ಎಂಬ ಪೊಲೀಸ್ ಧಾರಾವಾಹಿಯಿಂದ ಹೆಸರಾದವನು ಮರ್ಕ್ಯೂರಿಯೊ. ಇವತ್ತು ಆ ಪದಗಳಿಂದ ಯಾರೂ ಬೆಚ್ಚಿಬೀಳುವುದಿಲ್ಲ ಎಂಬುದು ಇಂಥ ಕತ್ತರಿಯ ಹಿಂದಿನ ತರ್ಕ. ಬೆಚ್ಚಿಬೀಳಿಸುವುದೇ ಅವುಗಳ ಕೆಲಸವಾಗಿದ್ದರೆ ಈ ತರ್ಕ ಸರಿ. ಆದರೆ ಮೆಲರ್ಸ್ ಅವನ್ನು ಬೈಗುಳವಾಗಿ ಬಳಸುವುದಿಲ್ಲ, ಮುದ್ದಿನ ಮಾತಾಗಿ ಬಳಸುತ್ತಾನೆ. ಗಣಿ ಕಾರ್ಮಿಕರ ಬಾಯಿಯ ಮಾತನ್ನು ಒಬ್ಬ ಶ್ರೀಮಂತೆ ಕಲಿಯುತ್ತಾಳೆ, ತಪ್ಪುತಪ್ಪಾಗಿ ಉಚ್ಚರಿಸಿ ನಗಿಸಿಕೊಳ್ಳುತ್ತಾಳೆ. ಇಡೀ ಕಾದಂಬರಿಯಲ್ಲಿ ಮೇಲಿನವರು ಕೆಳಗಿನವರಿಂದ ಏನಾದರೂ ಕಲಿಯುವುದು ಇಲ್ಲಿ ಮಾತ್ರ. ಪದಗಳ ಜೊತೆ ಆ ಪಾಠವೂ ಕತ್ತರಿಗೆ ಹೋಯಿತು.

ಮರ್ಕ್ಯೂರಿಯೊಗೆ ಸಿಕ್ಕಿದ್ದು ಒಂದೂವರೆ ಗಂಟೆ. ಕಾನಿಯಾಗಿ ಹಾಲಿಡೇ ಗ್ರೇಂಜರ್, ಮೆಲರ್ಸ್ ಆಗಿ ರಿಚರ್ಡ್ ಮ್ಯಾಡನ್. ಕ್ಲಿಫರ್ಡನ ಪಾತ್ರಕ್ಕೆ ಜೇಮ್ಸ್ ನಾರ್ಟನ್ ಎಂಬ ಸುಂದರ, ಮೃದು ನಟ ಬಂದದ್ದೇ ಒಂದು ನಿಲುವು. ಲಾರೆನ್ಸ್ ಕ್ಲಿಫರ್ಡನನ್ನು ದ್ವೇಷಿಸಿದ್ದ, ಅವನ ಸತ್ತ ಕಾಲುಗಳನ್ನು ಒಂದು ವರ್ಗದ ನಿರ್ಜೀವತೆಯ ಗುರುತಾಗಿ ಬಳಸಿಕೊಂಡಿದ್ದ. ಇರಾಕ್, ಅಫ್ಗಾನಿಸ್ತಾನಗಳಿಂದ ಕಾಲು ಕಳೆದುಕೊಂಡು ಬಂದ ಸೈನಿಕರನ್ನು ಕಂಡ ಪ್ರೇಕ್ಷಕರ ಮುಂದೆ ಅದನ್ನು ಹಾಗೇ ಇಡಲಾಗದು. ಈ ತಿದ್ದುಪಡಿ ಮಾನವೀಯವಾದದ್ದು, ಒಪ್ಪುತ್ತೇನೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಕಾದಂಬರಿಯ ಕ್ಲಿಫರ್ಡ್ ಬರೀ ಗಾಯಾಳುವಲ್ಲ, ಗಣಿಯ ಒಡೆಯ. ಕತೆ ಬರೆಯುವುದನ್ನು ಬಿಟ್ಟು ಕಲ್ಲಿದ್ದಲಿನ ಲಾಭ ಹೆಚ್ಚಿಸುವ ಹೊಸ ತಂತ್ರಗಳಲ್ಲಿ ಮುಳುಗಿದವನು. ಸಂಜೆಯಾದರೆ ಗಂಟೆಗಟ್ಟಲೆ ರೇಡಿಯೊ ಮುಂದೆ ಕೂತು, ಅದು ಅರಚುವುದನ್ನು ಶೂನ್ಯ ಮುಖದಿಂದ ಕೇಳುವವನು. ಆತ್ಮ ಸತ್ತವನ ಲಕ್ಷಣವಾಗಿ ಲಾರೆನ್ಸ್ ಇದನ್ನು ಕಟ್ಟಿಕೊಟ್ಟಿದ್ದಾನೆ. ಮುಂದೊಂದು ದಿನ ಬಿಬಿಸಿಯೇ ತನ್ನ ಕತೆಯನ್ನು ಬಿತ್ತರಿಸುತ್ತದೆಂದು ಗೊತ್ತಿದ್ದರೆ ಆ ಪ್ಯಾರಾವನ್ನು ಇನ್ನಷ್ಟು ಉದ್ದ ಬರೆಯುತ್ತಿದ್ದನೇನೋ.

ಟಿವಿ ಬೇಕಾದರೆ ವರ್ಗವನ್ನು ಹೇಗೆ ತೋರಿಸಬಹುದಿತ್ತು ಎಂಬುದಕ್ಕೆ ಕಾದಂಬರಿಯಲ್ಲೇ ಒಂದು ಪಾತ್ರ ಕಾದಿದೆ. ಕ್ಲಿಫರ್ಡನ ಆರೈಕೆಗೆ ಬರುವ ನರ್ಸ್ ಮಿಸೆಸ್ ಬೋಲ್ಟನ್. ಅವಳ ಗಂಡ ಚಾಟರ್ಲಿಗಳ ಗಣಿಯಲ್ಲಿ ಸ್ಫೋಟಕ್ಕೆ ಸಿಕ್ಕಿ ಸತ್ತ. ಅವನು ಹೆದರಿ ಓಡಲು ನೋಡಿದ, ಹಾಗಾಗಿ ತಪ್ಪು ಅವನದೇ ಎಂದಿತು ಕಂಪನಿ. ಪರಿಹಾರವೆಂದು, ಅದೂ ಧರ್ಮಕ್ಕೆ ಕೊಟ್ಟಂತೆ, 300 ಪೌಂಡ್. ಒಟ್ಟಿಗೆ ಕೊಟ್ಟರೆ ಸಣ್ಣ ಅಂಗಡಿ ಇಡುತ್ತೇನೆಂದು ಅವಳು ಬೇಡಿದಳು, ಕುಡಿದು ಹಾಳುಮಾಡುತ್ತಾಳೆಂದು ಅವರು ಕೊಡಲಿಲ್ಲ. ವಾರಕ್ಕೆ 30 ಶಿಲಿಂಗ್. ಪ್ರತಿ ಸೋಮವಾರ ಬೆಳಿಗ್ಗೆ ಕಂಪನಿ ಆಫೀಸಿನ ಮುಂದೆ ಒಂದೆರಡು ತಾಸು ಸರದಿಯಲ್ಲಿ ನಿಲ್ಲಬೇಕು. ಹೀಗೆ ಸುಮಾರು ನಾಲ್ಕು ವರ್ಷ ನಿಂತವಳು, ಅದೇ ಒಡೆಯರ ಮನೆಯಲ್ಲಿ ಈಗ ಒಡೆಯನ ಗಡ್ಡ ಹೆರೆಯುತ್ತಾಳೆ. ದ್ವೇಷ, ಮೆಚ್ಚುಗೆ, ಮಮತೆ ಮೂರೂ ಕಲೆಸಿಹೋಗಿರುವ ಈ ಹೆಂಗಸಿಗೆ ಒಂದು ಪೂರ್ತಿ ಕಂತು ಕೊಡಬಹುದು. ನಾಲ್ಕು ಕಂತಿನ ಧಾರಾವಾಹಿಯಲ್ಲಿ ಅದಕ್ಕೆ ಆಸ್ಪದವಿತ್ತು, ಒಂದೂವರೆ ಗಂಟೆಯಲ್ಲಿ ಇಲ್ಲ. 2022ರಲ್ಲಿ ಲೋರ್ ದ ಕ್ಲೆರ್ಮಾಂ-ತೊನೇರ್ ನೆಟ್‌ಫ್ಲಿಕ್ಸ್‌ಗಾಗಿ ಎಮಾ ಕಾರಿನ್ ಮತ್ತು ಜ್ಯಾಕ್ ಒಕಾನಲ್ ಜೋಡಿಯನ್ನು ಹಾಕಿ ಚಿತ್ರ ಮಾಡಿದಾಗ ಮಿಸೆಸ್ ಬೋಲ್ಟನ್ ಪಾತ್ರಕ್ಕೆ ಬಂದವರು ಯಾರು ಗೊತ್ತೇ? ಮೂವತ್ತು ವರ್ಷದ ಹಿಂದೆ ಕಾನಿಯಾಗಿದ್ದ ಜೋಲಿ ರಿಚರ್ಡ್‌ಸನ್.

ಮನೆಯ ವಿಷಯಕ್ಕೂ ಬರಬೇಕು. ಹಳೆಯ ಬಂಗಲೆ, ಹಸಿರು ಹುಲ್ಲುಹಾಸು, ಬೆಳ್ಳಿಯ ಪಾತ್ರೆ ಎಂದರೆ ಬ್ರಿಟಿಷ್ ಟಿವಿಗೆ ಪ್ರಾಣ. ಹೊರದೇಶಗಳಿಗೆ ಮಾರಾಟವಾಗುವುದೂ ಅದೇ. ಕಾದಂಬರಿಯ ರ‍್ಯಾಗ್ಬಿ ಬಂಗಲೆಯೋ, ಕಿಟಕಿ ತೆರೆದರೆ ಟೆವರ್‌ಶಲ್ ಗಣಿಯ ಚಿಮಣಿ ಕಾಣುವ ಮನೆ. ಗಾಳಿ ಇತ್ತ ಬೀಸಿದರೆ ಒಳಗೆಲ್ಲ ಗಂಧಕದ ನಾತ. ಚಳಿಗಾಲದಲ್ಲಿ ಅರಳುವ ಬಿಳಿ ಹೂಗಳ ಮೇಲೂ ಮಸಿ ಕೂರುತ್ತದೆ. ನಾತ ಕ್ಯಾಮೆರಾಕ್ಕೆ ಸಿಗದು, ಮಸಿ ಸಿಗುತ್ತದೆ. ಆದರೆ ತೊಳೆದಿಟ್ಟ ಬಂಗಲೆಯನ್ನು ನೋಡುವ ಪ್ರೇಕ್ಷಕ, ಕಾನಿ ಇದನ್ನು ಬಿಟ್ಟುಹೋಗುವುದೇಕೆ ಎಂದು ಮರುಗುತ್ತಾನೆ. ಕಥೆಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ.

ಇದ್ದುದರಲ್ಲಿ ಹೆಚ್ಚು ನಿಷ್ಠೆಯ ರೂಪಾಂತರ ಇಂಗ್ಲಿಷಿನದಲ್ಲ ಎಂಬುದು ತಮಾಷೆಯೇ ಸರಿ. 2006ರಲ್ಲಿ ಫ್ರಾನ್ಸಿನ ಪಾಸ್ಕಾಲ್ ಫೆರಾನ್ ‘ಲೇಡಿ ಚಾಟರ್ಲಿ’ ಮಾಡಿದಳು. ಸಿನಿಮಾಮಂದಿರಕ್ಕೆ ಒಂದು ಆವೃತ್ತಿ, ಟಿವಿಗೆ ಅದಕ್ಕಿಂತ ಉದ್ದನೆಯದು. ಐದು ಸೇಜಾರ್ ಪ್ರಶಸ್ತಿಗಳು ಬಂದವು. ಆಕೆ ಆರಿಸಿಕೊಂಡದ್ದು ಎರಡನೇ ಕರಡು, ಒರಟ ಪಾರ್ಕಿನ್ನನದು. ನಟರು ಆಡುವುದು ಫ್ರೆಂಚ್, ಹಾಗಾಗಿ ಡಾರ್ಬಿಶೈರ್ ಆಡುನುಡಿಯ ಆಟ ಪೂರ್ತಿ ಕೈತಪ್ಪಿತು. ಅದಕ್ಕೆ ಬದಲು ಯಾರು ಕೂರುತ್ತಾರೆ, ಯಾರು ನಿಂತೇ ಇರುತ್ತಾರೆ, ಯಾರ ಕೈಯಲ್ಲಿ ಕೆಲಸವಿದೆ ಎಂಬುದನ್ನು ಆಕೆ ಅವಸರವಿಲ್ಲದೆ ನೋಡುತ್ತ ಹೋಗುತ್ತಾಳೆ. ಕ್ಲಿಫರ್ಡನ ಕುರ್ಚಿ ಏರಿನಲ್ಲಿ ಕೆಟ್ಟುನಿಲ್ಲುವ ಪ್ರಸಂಗವನ್ನು ಅವಳ ಕೈಯಲ್ಲಿ ನೋಡಬೇಕು. ಎಂಜಿನ್ನೇ ಹತ್ತಿಸಬೇಕೆಂದು ಒಡೆಯನ ಹಟ, ಆಳು ನೆಲಕ್ಕೆ ಬಾಗಿ ಯಂತ್ರ ನೋಡಬೇಕು, ತಳ್ಳಲು ಹೋದರೆ ಬಿಡು ಎನ್ನುತ್ತಾನೆ, ಬಿಟ್ಟರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕಡೆಗೆ ತಳ್ಳಲೇಬೇಕು. ಆಗ ಕಾನಿಯೂ ಆಳಿನ ಪಕ್ಕಕ್ಕೆ ಬಂದು ಕೈ ಹಾಕುತ್ತಾಳೆ. ಒಡೆಯ ಮುಂದೆ ನೋಡುತ್ತ ಕೂತಿದ್ದಾನೆ, ಅವನ ಬೆನ್ನ ಹಿಂದೆ ಅವನ ಹೆಂಡತಿ ಪಕ್ಷ ಬದಲಿಸಿ ಆಗಿದೆ. ಬಟ್ಟೆಯ ಒಂದು ಗುಂಡಿಯೂ ಬಿಚ್ಚದ ಈ ದೃಶ್ಯ ಇಡೀ ಕತೆಯ ಅತ್ಯಂತ ಸಾಹಸದ ದೃಶ್ಯ.

ಕೊನೆಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಲಾರೆನ್ಸ್ ಪ್ರೇಮಿಗಳನ್ನು ಒಟ್ಟುಗೂಡಿಸಲಿಲ್ಲ. ಕಾನಿ ಬಸುರಿ, ವಿಚ್ಛೇದನ ಇನ್ನೂ ಸಿಕ್ಕಿಲ್ಲ, ಎಲ್ಲೋ ಜಮೀನಿನಲ್ಲಿ ಕೆಲಸ ಕಲಿಯುತ್ತಿರುವ ಮೆಲರ್ಸ್ ಬರೆದ ಕಾಗದದೊಂದಿಗೆ ಪುಸ್ತಕ ಮುಗಿಯುತ್ತದೆ. ಆ ಕಾಗದದಲ್ಲಿ ಪ್ರೇಮದಷ್ಟೇ ಜಾಗ ಗಣಿಗಳಲ್ಲಿ ವಾರಕ್ಕೆ ಎರಡೂವರೆ ದಿನಕ್ಕಿಂತ ಹೆಚ್ಚು ಕೆಲಸವಿಲ್ಲದ ಸುದ್ದಿಗೂ ಇದೆ. ಟಿವಿಗೆ ಇಂಥ ತೆರೆದ ಬಾಗಿಲು ಆಗಿಬರುವುದಿಲ್ಲ. ಕೆನ್ ರಸೆಲ್ ಅವರನ್ನು ಕೆನಡಾದ ಹಡಗು ಹತ್ತಿಸಿದ. ಇಂಗ್ಲೆಂಡಿನಲ್ಲಿ ಅವರಿಗೆ ಜಾಗವಿಲ್ಲ ಎನ್ನುವುದನ್ನಾದರೂ ಆ ಹಡಗು ಒಪ್ಪಿಕೊಂಡಿತ್ತು. ಪ್ರೇಮಿಗಳಿಗೆ ದಾರಿ ತೆರೆದುಕೊಟ್ಟು ಮುಗಿಯುವ 2015ರ ಆವೃತ್ತಿ ಬಂದದ್ದು ಸೆಪ್ಟೆಂಬರ್ 6ರಂದು. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ನಾಟಿಂಗ್‌ಹ್ಯಾಮ್‌ಶೈರ್‌ನ ಕಟ್ಟಕಡೆಯ ಆಳದ ಕಲ್ಲಿದ್ದಲ ಗಣಿ ಥೋರ್ಸ್‌ಬಿ ಮುಚ್ಚಿತ್ತು. ಲಾರೆನ್ಸ್‌ನ ಅಪ್ಪನ ಕಸುಬು ಆ ಸೀಮೆಯಲ್ಲಿ ಮುಗಿದ ವರ್ಷವೇ ಟಿವಿಯಲ್ಲಿ ಪ್ರೇಮಿಗಳಿಗೆ ದಾರಿ ಸುಗಮವಾದದ್ದು ಕಾಕತಾಳೀಯವಿರಬಹುದು.

ಮತ್ತೆ ಯಾರಾದರೂ ಈ ಕತೆಗೆ ಕೈ ಹಾಕುವುದಾದರೆ ಮೊದಲ ಕರಡನ್ನು ತೆಗೆಯಲಿ. 1944ರಲ್ಲೇ ಅದು ಅಚ್ಚಾಗಿದೆ. ಅದರಲ್ಲಿ ಕಾನಿ ಶೆಫೀಲ್ಡ್‌ಗೆ ಹೋಗಿ, ಪಾರ್ಕಿನ್ ಬಾಡಿಗೆಗಿದ್ದ ಟ್ಯೂಸನ್ ಎಂಬ ಕಾರ್ಮಿಕರ ಮನೆಯಲ್ಲಿ ಚಹಾಕ್ಕೆ ಕೂರುತ್ತಾಳೆ. ಎದುರಿಗೆ ಪ್ರಿಯಕರ, ಅವನ ಗೆಳೆಯ, ಗೆಳೆಯನ ಹೆಂಡತಿ. ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಮುಜುಗರ. ಕಪ್ಪು ಹಿಡಿಯುವುದರಿಂದ ಹಿಡಿದು ಮಾತಿನ ಧಾಟಿಯವರೆಗೆ ಒಂದೊಂದೂ ಅಂತಸ್ತನ್ನು ನೆನಪಿಸುತ್ತದೆ. ಕಾಡಿಲ್ಲ, ಗುಡಿಸಲಿಲ್ಲ, ಮಳೆಯಲ್ಲಿ ಬೆತ್ತಲೆ ಓಡುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕಾಯುವ ಅಗತ್ಯವೂ ಇಲ್ಲದೆ ಸಂಜೆ ಏಳಕ್ಕೇ ತೋರಿಸಬಹುದಾದ ಈ ಒಂದು ಗಂಟೆಯನ್ನು ಬರೆಯಲು ಒಬ್ಬ ಒಳ್ಳೆಯ ಸಂಭಾಷಣೆಕಾರ ಬೇಕು, ಅಷ್ಟೇ.